ಹಿಂದಿನ ಸಾಲಿನ ಮೇಷ್ಟರು

ನಮ್ಮ ಮಕ್ಕಳು ನಾಲ್ಕನೆಯದೋ ಐದನೆಯದೋ ತರಗತಿಗೆ ಬಂದ ವರ್ಷ ಶಾಲೆಯಿಂದ ಒಂದು ಚೀಟಿ ಮನೆಗೆ ಬರುತ್ತದೆ. ಶಾಲೆಯ ಬ್ಯಾಂಡಿಗೋ ಆರ್ಕೆಸ್ಟ್ರಾಕ್ಕೋ ಸೇರುವುದಾದರೆ ಯಾವ ವಾದ್ಯ ಕಲಿಯುತ್ತೀರಿ ಎಂದು ಕೇಳುವ ಚೀಟಿ. ಮಗು ಪಿಟೀಲು ಎಂದರೆ ನಮಗೆ ಸಂತೋಷ. ಹೇಳಿ ಕೇಳಿ ನಾವು ಚೌಡಯ್ಯನವರ ನಾಡಿನವರು. ಕೊಳಲು ಎಂದರೂ ಸರಿಯೆ. ಟ್ರಂಪೆಟ್ ಎಂದಿತೋ, ಅಪ್ಪ ಅಮ್ಮನ ಮುಖ ನೋಡುತ್ತಾರೆ, ಅಮ್ಮ ಅಪ್ಪನ ಮುಖ ನೋಡುತ್ತಾರೆ. ನಮ್ಮ ಕಿವಿಗೆ ಟ್ರಂಪೆಟ್ ಎಂದರೆ ಮದುವೆ ಮೆರವಣಿಗೆಯ ಬ್ಯಾಂಡ್ ಸೆಟ್ಟು, ಇಲ್ಲವೆ ಮೈಸೂರು ದಸರಾದಲ್ಲಿ ಸಾಗುವ ಪೊಲೀಸ್ ಬ್ಯಾಂಡು. ಅದನ್ನು ಕಲಿತು ಯಾರಾದರೂ ಜೀವನ ಮಾಡುತ್ತಾರೆಯೆ ಎಂಬ ಪ್ರಶ್ನೆ ಬಾಯಿಗೆ ಬರದಿದ್ದರೂ ಮನಸ್ಸಿನಲ್ಲಿ ಇದ್ದೇ ಇರುತ್ತದೆ.

ಮಾಡುತ್ತಾರೆ. ಹೇಗೆ ಮಾಡುತ್ತಾರೆ ಎಂಬುದಕ್ಕೆ ಒಬ್ಬರ ಬದುಕನ್ನು ಈ ಸಂಚಿಕೆಯಲ್ಲಿ ಓದುಗರ ಮುಂದೆ ಇಡುತ್ತಿದ್ದೇವೆ. ಅವರ ಹೆಸರು ವಿಲಿಯಂ ವಾಕಿಯಾನೊ. ನಮ್ಮಲ್ಲಿ ಬಹಳ ಮಂದಿ ಈ ಹೆಸರನ್ನು ಕೇಳಿರಲಾರರು. ಪೋಸ್ಟರುಗಳಲ್ಲಿ ದಪ್ಪ ಅಕ್ಷರಗಳಲ್ಲಿ ಬರುವ ಹೆಸರಲ್ಲ ಅದು. ಅವರು 1935ರಿಂದ 1973ರವರೆಗೆ, ಒಟ್ಟು 38 ವರ್ಷ, ನ್ಯೂಯಾರ್ಕ್ ಫಿಲ್ಹಾರ್ಮಾನಿಕ್ ಆರ್ಕೆಸ್ಟ್ರಾದ ಹಿಂದಿನ ಸಾಲಿನಲ್ಲಿ ಕುಳಿತು ಟ್ರಂಪೆಟ್ ನುಡಿಸಿದರು. ಅದೇ 1935ರಿಂದ 2002ರವರೆಗೆ, ಒಟ್ಟು 67 ವರ್ಷ, ಜೂಲಿಯಾರ್ಡ್ ಸಂಗೀತ ಶಾಲೆಯಲ್ಲಿ ಪಾಠ ಹೇಳಿದರು. ನುಡಿಸಿದ ವರ್ಷಗಳಿಗಿಂತ ಕಲಿಸಿದ ವರ್ಷಗಳು ಹೆಚ್ಚು ಎಂಬುದನ್ನು ಓದುಗರು ಗಮನಿಸಬೇಕು.

ತುಟಿಯ ಮೇಲೆ ನಿಂತ ಸಂಸಾರ

ಮೊದಲು ವಾದ್ಯದ ವಿಚಾರ ಎರಡು ಮಾತು. ನಮ್ಮ ಊರಿನ ಕಹಳೆಗೂ ಟ್ರಂಪೆಟ್ಟಿಗೂ ಮೂಲ ತತ್ವ ಒಂದೇ. ಕೊಳವೆಯ ಬಾಯಿಗೆ ತುಟಿ ಬಿಗಿಹಿಡಿದು ಊದಿದರೆ ತುಟಿ ಕಂಪಿಸುತ್ತದೆ. ಆ ಕಂಪನ ಕೊಳವೆಯೊಳಗೆ ನಾದವಾಗುತ್ತದೆ. ವೀಣೆಗೆ ತಂತಿ ಇದ್ದಂತೆ ಟ್ರಂಪೆಟ್ಟಿಗೆ ಮನುಷ್ಯನ ತುಟಿ. ಒಂದೇ ಉದ್ದದ ಕೊಳವೆಯಲ್ಲಿ ಕೆಲವು ನಿಶ್ಚಿತ ಸ್ವರಗಳು ಮಾತ್ರ ಹೊರಡುತ್ತವೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ, ಸುಮಾರು 1815ರ ವೇಳೆಗೆ, ಜರ್ಮನಿಯ ವಾದ್ಯಗಾರರು ವಾಲ್ವ್ ಕಂಡುಹಿಡಿದರು. ವಾಲ್ವ್ ಒತ್ತಿದರೆ ಕೊಳವೆಯ ಉದ್ದ ಬದಲಾಗುತ್ತದೆ. ಆಮೇಲೆ ಮೂರು ವಾಲ್ವಿನ ಟ್ರಂಪೆಟ್ಟಿನಲ್ಲಿ ಎಲ್ಲ ಸ್ವರಗಳೂ ನುಡಿದವು. ಆದರೂ ಪಿಯಾನೋದಂತೆ ಒತ್ತಿದಲ್ಲಿ ಒಂದೇ ಸ್ವರ ಬರುವುದಿಲ್ಲ. ಒಂದೇ ವಾಲ್ವ್ ಒತ್ತಿಕೊಂಡು ಐದಾರು ಬೇರೆ ಬೇರೆ ಸ್ವರ ಹೊರಡಿಸಬಹುದು. ಯಾವುದು ಬರಬೇಕು ಎಂಬುದನ್ನು ನಿರ್ಧರಿಸುವುದು ತುಟಿ, ಉಸಿರು, ಕಿವಿ ಈ ಮೂರೇ.

ಇದರಿಂದಾಗಿ ಟ್ರಂಪೆಟ್ ವಾದಕನ ಕಸುಬು ಬಹಳ ನಾಜೂಕು. ಆರ್ಕೆಸ್ಟ್ರಾದಲ್ಲಿ ಮೂವತ್ತರಷ್ಟು ಪಿಟೀಲುಗಳು ಒಟ್ಟಿಗೆ ನುಡಿಯುತ್ತವೆ. ಅವರಲ್ಲಿ ಒಬ್ಬರ ಬಿಲ್ಲು ಜಾರಿದರೆ ಪಕ್ಕದವರಿಗೆ ಬಿಟ್ಟು ಬೇರೆಯವರಿಗೆ ತಿಳಿಯದು. ಮೊದಲನೆಯ ಟ್ರಂಪೆಟ್ ಹಾಗಲ್ಲ. ಅವನ ಸಾಲನ್ನು ನುಡಿಸುವವನು ಅವನೊಬ್ಬನೇ. ಮಾಹ್ಲರನ ಐದನೆಯ ಸಿಂಫನಿ ಟ್ರಂಪೆಟ್ ಒಂದರಿಂದಲೇ ಆರಂಭವಾಗುತ್ತದೆ, ಉಳಿದವರೆಲ್ಲ ಸುಮ್ಮನಿರುತ್ತಾರೆ. ಮುಸೋರ್ಗ್‌ಸ್ಕಿಯ ಚಿತ್ರಪ್ರದರ್ಶನದ ಕೃತಿಯನ್ನು ರಾವೆಲ್ 1922ರಲ್ಲಿ ಆರ್ಕೆಸ್ಟ್ರಾಕ್ಕೆ ಅಳವಡಿಸಿದಾಗಲೂ ಮೊದಲ ಮಾತನ್ನು ಟ್ರಂಪೆಟ್ಟಿನ ಬಾಯಲ್ಲೇ ಆಡಿಸಿದ. ಕಾರ್ನೆಗಿ ಹಾಲಿನಲ್ಲಿ ಸುಮಾರು 2,800 ಆಸನಗಳಿವೆ. ತಪ್ಪು ಸ್ವರ ಬಿದ್ದರೆ ಕೊನೆಯ ಸಾಲಿನ ಅಗ್ಗದ ಟಿಕೆಟ್ಟಿನವರಿಗೂ ಕೇಳಿಸುತ್ತದೆ. ಕೆಲವು ಕೃತಿಗಳಲ್ಲಂತೂ ಬಹಳ ಹೊತ್ತು ಸುಮ್ಮನೆ ತಾಳ ಎಣಿಸುತ್ತ ಕುಳಿತು, ತುಟಿ ತಣ್ಣಗಾಗಿರುವಾಗಲೇ ಥಟ್ಟನೆ ಎತ್ತರದ ಸ್ವರವನ್ನು ಹಿಡಿಯಬೇಕು.

ತುಟಿಗೆ ಏಟಾದರೆ ಕಸುಬೇ ಹೋಯಿತು. ಶಿಕಾಗೊ ಸಿಂಫನಿಯ ಮುಖ್ಯ ಟ್ರಂಪೆಟ್ ವಾದಕ ಅಡಾಲ್ಫ್ ಹರ್ಸೆತ್ ಅವರಿಗೆ 1952ರಲ್ಲಿ ಕಾರು ಅಪಘಾತವಾಗಿ ತುಟಿಗೂ ಹಲ್ಲಿಗೂ ಪೆಟ್ಟಾಯಿತು. ಅವರು ಛಲ ಬಿಡದೆ ಅಭ್ಯಾಸ ಮಾಡಿ ತಮ್ಮ ಕುರ್ಚಿಗೆ ಮರಳಿದರು. 1948ರಿಂದ 2001ರವರೆಗೆ ಆ ಸ್ಥಾನ ಅವರದೇ ಆಗಿತ್ತು. ಎಲ್ಲರಿಗೂ ಆ ಭಾಗ್ಯ ಇರುವುದಿಲ್ಲ. ಹೆಂಡತಿ ಮಕ್ಕಳ ಅನ್ನ ಎರಡು ತುಟಿಗಳ ಮೇಲೆ ನಿಂತಿರುವ ಕಸುಬು ಇದು ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಓದಬೇಕು.

ಪೋರ್ಟ್‌ಲ್ಯಾಂಡಿನ ಹುಡುಗ

ವಾಕಿಯಾನೊ ಹುಟ್ಟಿದ್ದು 1912ರ ಮೇ 23ರಂದು, ಮೇನ್ ರಾಜ್ಯದ ಪೋರ್ಟ್‌ಲ್ಯಾಂಡ್ ಪಟ್ಟಣದಲ್ಲಿ. ತಂದೆ ತಾಯಿ ಇಟಲಿಯಿಂದ ಬಂದು ನೆಲೆಸಿದವರು. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು ಭಾಷೆ ಎಂಬ ಪರಿಸ್ಥಿತಿ ನಮ್ಮ ಮಕ್ಕಳಿಗೆ ಇದ್ದಂತೆ ಅವರಿಗೂ ಇತ್ತು. ಆ ಎರಡು ಭಾಷೆಗಳ ಗೊಂದಲದಿಂದಲೇ ಅವರ ಹಣೆಬರಹ ತಿರುಗಿತು ಎಂದು ಹೇಳುತ್ತಾರೆ. ತಂದೆಗೆ ಮಗ ಕ್ಲಾರಿನೆಟ್ ಕಲಿಯಲಿ ಎಂದು ಆಸೆ. ಸಂಗೀತದ ಮೇಷ್ಟರು ಯಾವ ವಾದ್ಯ ಎಂದು ಕೇಳಿದಾಗ ಹುಡುಗ ಕ್ಲಾರಿನೆಟ್ ಎನ್ನುವ ಬದಲು ಇಟಾಲಿಯನ್ ಭಾಷೆಯಲ್ಲಿ ಕಾರ್ನೆಟ್ಟಿನ ಹೆಸರು ಹೇಳಿಬಿಟ್ಟ. ಕಾರ್ನೆಟ್ ಎಂಬುದು ಟ್ರಂಪೆಟ್ಟಿನ ತಮ್ಮನಂಥ ವಾದ್ಯ. ಕೈಗೆ ಬಂದದ್ದು ಅದೇ. ಹೀಗೆ ಒಂದು ಶಬ್ದ ತಪ್ಪಿದ್ದರಿಂದ ಅಮೆರಿಕದ ಟ್ರಂಪೆಟ್ಟಿಗೆ ಒಬ್ಬ ಗುರು ಸಿಕ್ಕಿದರು.

ಬಾಲ್ಯದಲ್ಲಿ ಊರಿನಲ್ಲೇ ಕಲಿತು, ಮುಂದಿನ ಪಾಠಕ್ಕಾಗಿ ನ್ಯೂಯಾರ್ಕಿಗೆ ಬಂದರು. ಅಲ್ಲಿ ಅವರಿಗೆ ದೊರೆತ ಗುರು ಮ್ಯಾಕ್ಸ್ ಶ್ಲಾಸ್‌ಬರ್ಗ್. ಈ ಶ್ಲಾಸ್‌ಬರ್ಗ್ ಕೂಡ ವಲಸೆಗಾರರೇ. ಇಂದಿನ ಲಾಟ್ವಿಯಾ ದೇಶದಲ್ಲಿ 1873ರಲ್ಲಿ ಹುಟ್ಟಿದವರು. ನ್ಯೂಯಾರ್ಕ್ ಫಿಲ್ಹಾರ್ಮಾನಿಕ್ ಸೇರಿದ್ದು 1910ರಲ್ಲಿ. ಅಲ್ಲಿ ಅವರು ಮೊದಲನೆಯ ಕುರ್ಚಿಯ ನಾಯಕರೇನಲ್ಲ. ಆದರೆ ಪಾಠ ಹೇಳುವುದರಲ್ಲಿ ಅವರನ್ನು ಮೀರಿಸುವವರು ಆ ಕಾಲದ ನ್ಯೂಯಾರ್ಕಿನಲ್ಲಿ ಇರಲಿಲ್ಲ. ಶಿಷ್ಯನಿಗೆ ಎಲ್ಲಿ ತೊಡಕಿದೆಯೋ ಅದಕ್ಕೆ ತಕ್ಕ ಅಭ್ಯಾಸವನ್ನು ಅವರೇ ಬರೆದು ಕೊಡುತ್ತಿದ್ದರು. ದೀರ್ಘ ಸ್ವರ ಹಿಡಿಯುವುದು, ಮೆಟ್ಟಿಲು ಮೆಟ್ಟಿಲಾಗಿ ಏರುವುದು ಇಳಿಯುವುದು, ನಾಲಿಗೆ ತಾಕಿಸಿ ಸ್ವರ ಬಿಡಿಸುವುದು, ಹೀಗೆ. ಮಾಯಾಮಾಳವಗೌಳದಲ್ಲಿ ಸರಳೆ ವರಸೆ, ಜಂಟಿ ವರಸೆಗಳನ್ನು ಮೂರು ಕಾಲದಲ್ಲಿ ಹಾಡಿ ಬೇಸತ್ತ ನಮಗೆ ಇದರ ಸ್ವರೂಪ ಚೆನ್ನಾಗಿ ಅರ್ಥವಾಗುತ್ತದೆ. ಶ್ಲಾಸ್‌ಬರ್ಗ್ 1936ರಲ್ಲಿ ತೀರಿಕೊಂಡರು. ಅವರ ಅಭ್ಯಾಸಗಳನ್ನೆಲ್ಲ ಅಳಿಯ ಹ್ಯಾರಿ ಫ್ರೈಸ್ಟಾಟ್ ಒಟ್ಟುಗೂಡಿಸಿ ಪುಸ್ತಕ ಮಾಡಿದರು. ಆ ಪುಸ್ತಕವನ್ನು ಟ್ರಂಪೆಟ್ ವಿದ್ಯಾರ್ಥಿಗಳು ಇಂದಿಗೂ ಸ್ಟ್ಯಾಂಡಿನ ಮೇಲೆ ಇಟ್ಟುಕೊಂಡು ಬೆಳಗಿನ ಅಭ್ಯಾಸ ಆರಂಭಿಸುತ್ತಾರೆ.

ಒಂದೇ ದಿನ ಎರಡು ಕೆಲಸ

ಆ ಕಾಲ ಸಂಗೀತಗಾರರಿಗೆ ಒಳ್ಳೆಯ ಕಾಲವಲ್ಲ. ಮೂಕಿ ಚಿತ್ರಗಳಿದ್ದಾಗ ಪ್ರತಿ ದೊಡ್ಡ ಥಿಯೇಟರಿನಲ್ಲೂ ವಾದ್ಯಗಾರರಿಗೆ ಕೆಲಸ ಇತ್ತು. 1927ರ ನಂತರ ಮಾತಾಡುವ ಚಿತ್ರಗಳು ಬಂದವು. ಎರಡು ಮೂರು ವರ್ಷಗಳಲ್ಲಿ ಸಾವಿರಾರು ವಾದ್ಯಗಾರರು ಬೀದಿಗೆ ಬಿದ್ದರು. ಅದರ ಮೇಲೆ 1929ರ ಆರ್ಥಿಕ ಕುಸಿತ. ಅಂಥ ದಿನಗಳಲ್ಲಿ, 1935ರಲ್ಲಿ, 23 ವರ್ಷದ ವಾಕಿಯಾನೊ ಒಂದೇ ದಿನ ಎರಡು ಕಡೆ ಆಡಿಷನ್ನಿಗೆ ಹೋದರು. ಒಂದು ಮೆಟ್ರೊಪಾಲಿಟನ್ ಒಪೆರಾ, ಇನ್ನೊಂದು ನ್ಯೂಯಾರ್ಕ್ ಫಿಲ್ಹಾರ್ಮಾನಿಕ್. ಎರಡೂ ಕಡೆ ಆಯ್ಕೆಯಾದರು. ಆರಿಸಿಕೊಂಡದ್ದು ಫಿಲ್ಹಾರ್ಮಾನಿಕ್.

1842ರಲ್ಲಿ ಸ್ಥಾಪನೆಯಾದ ಈ ಆರ್ಕೆಸ್ಟ್ರಾಕ್ಕೆ ಆಗ ಆರ್ಟುರೊ ಟೊಸ್ಕನೀನಿ ಕಂಡಕ್ಟರ್. ಬಸ್ಸಿನ ಕಂಡಕ್ಟರ್ ಅಲ್ಲ. ಕೋಲು ಹಿಡಿದು ನೂರು ಜನರನ್ನು ನಡೆಸುವ ಕಂಡಕ್ಟರ್. ಅವರ ಕೋಪ ಜಗತ್ಪ್ರಸಿದ್ಧ. ಮುಖ್ಯ ಟ್ರಂಪೆಟ್ ವಾದಕ ಹ್ಯಾರಿ ಗ್ಲಾಂಟ್ಸ್, ಅವರೂ ಶ್ಲಾಸ್‌ಬರ್ಗರ ಶಿಷ್ಯರೇ. ಅವರ ಪಕ್ಕದಲ್ಲಿ ವಾಕಿಯಾನೊ ಏಳು ವರ್ಷ ಕುಳಿತರು. 1942ರಲ್ಲಿ ಗ್ಲಾಂಟ್ಸ್ ಅವರು ಟೊಸ್ಕನೀನಿಯ ಎನ್.ಬಿ.ಸಿ. ಸಿಂಫನಿಗೆ ಹೋದರು. ಮುಖ್ಯ ವಾದಕನ ಕುರ್ಚಿ ವಾಕಿಯಾನೊ ಅವರದಾಯಿತು. ಅಲ್ಲಿಂದ 31 ವರ್ಷ ಅವರು ಅಲುಗಲಿಲ್ಲ. ಮುಂದೆ ನಿಂತವರು ಮಾತ್ರ ಬದಲಾಗುತ್ತ ಹೋದರು: ರೊಡ್ಜಿನ್ಸ್ಕಿ, ಬ್ರೂನೊ ವಾಲ್ಟರ್, ಸ್ಟೊಕೊವ್ಸ್ಕಿ, ಮಿಟ್ರೊಪೌಲಸ್, ಬರ್ನ್‌ಸ್ಟೈನ್, ಬೂಲೆಜ್.

1943ರ ನವೆಂಬರ್ 14ರಂದು ಬ್ರೂನೊ ವಾಲ್ಟರ್ ಅವರಿಗೆ ಜ್ವರ ಬಂದು, 25 ವರ್ಷದ ಲಿಯೊನಾರ್ಡ್ ಬರ್ನ್‌ಸ್ಟೈನ್ ರಿಹರ್ಸಲ್ ಇಲ್ಲದೆ ಕೋಲು ಹಿಡಿದು ರಾತ್ರೋರಾತ್ರಿ ಪ್ರಸಿದ್ಧರಾದ ಕಥೆ ಬಹಳ ಜನಕ್ಕೆ ಗೊತ್ತು. ಆ ಮಧ್ಯಾಹ್ನದ ಆರ್ಕೆಸ್ಟ್ರಾದ ಮೊದಲನೆಯ ಟ್ರಂಪೆಟ್ ವಾಕಿಯಾನೊ ಅವರದು. 1958ರ ಜನವರಿಯಿಂದ ಬರ್ನ್‌ಸ್ಟೈನ್ ಟೆಲಿವಿಷನ್ನಿನಲ್ಲಿ ಮಕ್ಕಳಿಗೆ ಸಂಗೀತ ಪಾಠ ಹೇಳಿದರಲ್ಲ, ಅಲ್ಲಿಯೂ ಉದಾಹರಣೆ ನುಡಿಸಿ ತೋರಿಸಿದ್ದು ಇದೇ ಆರ್ಕೆಸ್ಟ್ರಾ. 1959ರಲ್ಲಿ ಆರ್ಕೆಸ್ಟ್ರಾ ಸೋವಿಯತ್ ದೇಶಕ್ಕೆ ಹೋಗಿ ಮಾಸ್ಕೋದಲ್ಲಿ ಶೊಸ್ತಕೋವಿಚ್ ಅವರ ಐದನೆಯ ಸಿಂಫನಿಯನ್ನು ಅವರ ಎದುರಿಗೇ ನುಡಿಸಿತು.

ಪಾಠದ ಕೋಣೆಯಲ್ಲಿ

ಇಷ್ಟೆಲ್ಲ ಇದ್ದೂ ಪಾಠ ಹೇಳುವ ಅಗತ್ಯ ಏನಿತ್ತು ಎಂದು ಕೇಳಬಹುದು. ಮೊದಲನೆಯ ಕಾರಣ ಸರಳ: ದುಡ್ಡು. ಆಗಿನ ಆರ್ಕೆಸ್ಟ್ರಾಗಳಲ್ಲಿ ಸಂಬಳ ಬರುತ್ತಿದ್ದುದು ಕಛೇರಿಗಳ ಋತುವಿನಲ್ಲಿ ಮಾತ್ರ. ಉಳಿದ ತಿಂಗಳು ನಿಮ್ಮ ದಾರಿ ನೀವು ನೋಡಿಕೊಳ್ಳಿ. ವರ್ಷದ 52 ವಾರವೂ ಸಂಬಳ ಕೊಡುವ ಒಪ್ಪಂದಕ್ಕೆ ಈ ದೇಶದಲ್ಲಿ ಮೊದಲು ಸಹಿ ಹಾಕಿದ್ದು ನ್ಯೂಯಾರ್ಕ್ ಫಿಲ್ಹಾರ್ಮಾನಿಕ್, ಅದೂ 1964ರಲ್ಲಿ. ವಾಕಿಯಾನೊ ಸೇರಿ 29 ವರ್ಷಗಳಾದ ಮೇಲೆ! ಹೀಗಾಗಿ ಜೂಲಿಯಾರ್ಡ್ ಅಲ್ಲದೆ ಮ್ಯಾನ್‌ಹಾಟನ್ ಸ್ಕೂಲ್ ಆಫ್ ಮ್ಯೂಸಿಕ್, ಮ್ಯಾನಸ್ ಶಾಲೆಗಳಲ್ಲೂ ಅವರು ಪಾಠ ಹೇಳಿದರು.

ಆದರೆ ದುಡ್ಡೊಂದೇ ಕಾರಣವಾಗಿದ್ದರೆ 1964ರಲ್ಲೇ ನಿಲ್ಲಿಸಬಹುದಿತ್ತು. 1973ರಲ್ಲಿ ಆರ್ಕೆಸ್ಟ್ರಾದಿಂದ ನಿವೃತ್ತರಾದಾಗಲಾದರೂ ನಿಲ್ಲಿಸಬಹುದಿತ್ತು. ಅವರು ಇನ್ನೂ 29 ವರ್ಷ ಕಲಿಸಿದರು. ನಿಲ್ಲಿಸಿದಾಗ ವಯಸ್ಸು 90. ಏನು ಕಲಿಸಿದರು ಎಂಬುದನ್ನು ನೋಡಿದರೆ ಏಕೆ ಕಲಿಸಿದರು ಎಂಬುದೂ ತಿಳಿಯುತ್ತದೆ.

ಅವರ ಪಾಠದಲ್ಲಿ ಮುಖ್ಯವಾದದ್ದು ಶ್ರುತಿ ಬದಲಿಸಿ ಓದುವ ವಿದ್ಯೆ. ಇದನ್ನು ಸ್ವಲ್ಪ ವಿವರಿಸಬೇಕು. ವಾಲ್ವ್ ಇಲ್ಲದ ಕಾಲದಲ್ಲಿ ಪ್ರತಿ ಕೃತಿಯ ಶ್ರುತಿಗೆ ತಕ್ಕಂತೆ ಟ್ರಂಪೆಟ್ಟಿಗೆ ಬೇರೆ ಬೇರೆ ಉದ್ದದ ಕೊಳವೆ ಸಿಕ್ಕಿಸುತ್ತಿದ್ದರು. ಬರೆಯುವಾಗ ಎಲ್ಲವನ್ನೂ ಒಂದೇ ಷಡ್ಜದಲ್ಲಿ ಬರೆದು, ಮೇಲೆ ಇದು 'ಡಿ' ಟ್ರಂಪೆಟ್ಟಿಗೆ, ಇದು 'ಎಫ್' ಟ್ರಂಪೆಟ್ಟಿಗೆ ಎಂದು ಗುರುತು ಹಾಕುತ್ತಿದ್ದರು. ವಾಲ್ವ್ ಬಂದ ಮೇಲೂ ಬರೆಯುವ ಪದ್ಧತಿ ಹೋಗಲಿಲ್ಲ. ದ್ವೊರ್ಜಾಕ್ ಅವರ 'ನ್ಯೂ ವರ್ಲ್ಡ್' ಸಿಂಫನಿಯನ್ನೇ ತೆಗೆದುಕೊಳ್ಳಿ. ಅದರ ಮೊದಲ ಪ್ರದರ್ಶನ ಇದೇ ಆರ್ಕೆಸ್ಟ್ರಾದಿಂದ ಇದೇ ಕಾರ್ನೆಗಿ ಹಾಲಿನಲ್ಲಿ 1893ರ ಡಿಸೆಂಬರಿನಲ್ಲಿ ನಡೆಯಿತು. ಅದರ ಕೊನೆಯ ಭಾಗದ ಟ್ರಂಪೆಟ್ ಹಾಳೆಯಲ್ಲಿ 'ಇ' ಟ್ರಂಪೆಟ್ ಎಂದಿದೆ. ಇಂದಿನ ವಾದಕನ ಕೈಯಲ್ಲಿರುವುದು 'ಸಿ' ಟ್ರಂಪೆಟ್ ಎಂದುಕೊಳ್ಳಿ. ಹಾಳೆಯಲ್ಲಿ ಷಡ್ಜ ಕಂಡರೆ ಅವನು ಅಂತರ ಗಾಂಧಾರ ನುಡಿಸಬೇಕು. ಕಂಡ ಪ್ರತಿ ಸ್ವರವನ್ನೂ ನಾಲ್ಕು ಅರ್ಧಸ್ವರದಷ್ಟು ಮೇಲಕ್ಕೆ ಏರಿಸಬೇಕು, ಅದೂ ಕಂಡ ಕ್ಷಣದಲ್ಲಿ, ಕಂಡಕ್ಟರ್ ಕೋಲು ಬೀಸುತ್ತಿರುವಾಗ. ಮುಂದಿನ ಕೃತಿಯಲ್ಲಿ ಲೆಕ್ಕವೇ ಬೇರೆ. ಹಾರ್ಮೋನಿಯಂ ನುಡಿಸುವವರು, ಗಾಯಕರ ಶ್ರುತಿ ಬಿಳಿ ನಾಲ್ಕೋ ಕಪ್ಪು ಎರಡೋ ಎಂದು ಕೇಳಿ ಬೆರಳು ಬದಲಿಸುತ್ತಾರಲ್ಲ, ಅದರ ಅಣ್ಣನಂಥ ವಿದ್ಯೆ ಇದು.

ವಾಕಿಯಾನೊ ಇದರಲ್ಲಿ ನಿಷ್ಣಾತರು. ಶಿಷ್ಯರು ಒಂದು ಅಭ್ಯಾಸವನ್ನು ಬರೆದಂತೆ ನುಡಿಸಿದರೆ ಸಾಲದು. ಅದನ್ನೇ ಬೇರೆ ಬೇರೆ ಶ್ರುತಿಗಳಿಗೆ ಏರಿಸಿ ಇಳಿಸಿ ನುಡಿಸಿ ತೋರಿಸಬೇಕಾಗಿತ್ತು. ಎರಡನೆಯದು ಲಯ: ಆರ್ಕೆಸ್ಟ್ರಾದಲ್ಲಿ ಬರುವ ಕಠಿಣ ಲಯಗಳನ್ನೇ ಆಯ್ದು ಅಭ್ಯಾಸ ಪುಸ್ತಕ ಬರೆದರು. ಮೂರನೆಯದು ಮೌತ್‌ಪೀಸ್, ಅಂದರೆ ತುಟಿಗೆ ಹಿಡಿಯುವ ಬಟ್ಟಲು. ಒಬ್ಬ ವಾದಕನಿಗೆ ಒಂದೇ ಸಾಕು ಎನ್ನುವವರು ಬಹಳ. ವಾಕಿಯಾನೊ ಹಾಗೆ ಭಾವಿಸಲಿಲ್ಲ. ಬಡಗಿ ಎಲ್ಲ ಕೆಲಸಕ್ಕೂ ಒಂದೇ ಉಳಿ ಹಿಡಿಯುತ್ತಾನೆಯೆ? ಆಳವಾದ ಬಟ್ಟಲಿನಿಂದ ದಪ್ಪ ನಾದ, ಮೇಲುಮಟ್ಟದ ಬಟ್ಟಲಿನಿಂದ ತೀಕ್ಷ್ಣ ನಾದ. ಕೃತಿಗೆ ತಕ್ಕಂತೆ ಅವರು ಬದಲಿಸುತ್ತಿದ್ದರು, ಶಿಷ್ಯರಿಗೂ ಬದಲಿಸಲು ಹೇಳುತ್ತಿದ್ದರು.

ಗಮನಿಸಿ, ಇವೆಲ್ಲ ಕಸುಬಿನ ಮಾತುಗಳು. ಇದಕ್ಕೆ ಒಂದು ಅರ್ಥವಿದೆ. ಆರ್ಕೆಸ್ಟ್ರಾ ಒಂದರಲ್ಲಿ ಟ್ರಂಪೆಟ್ಟಿಗೆ ಇರುವುದು ಮೂರೋ ನಾಲ್ಕೋ ಕುರ್ಚಿ. ಮುಖ್ಯ ಕುರ್ಚಿಯಲ್ಲಿ ಅವರೇ 31 ವರ್ಷ ಕುಳಿತಿದ್ದರು. ಎಂದರೆ ಅಷ್ಟು ವರ್ಷ ಶಿಷ್ಯರು ಬಯಸುವ ಸ್ಥಾನವನ್ನು ಗುರುವೇ ಹಿಡಿದುಕೊಂಡಿದ್ದರು! ಕಲಿಯಲು ಬಂದವರು ನೂರಾರು ಮಂದಿ. ಅವರಿಗೆಲ್ಲ ಆ ಕುರ್ಚಿಯ ಆಸೆ ತೋರಿಸಿ ಕಳಿಸುವುದು ಅನ್ಯಾಯವಾಗುತ್ತಿತ್ತು. ಅವರು ಶಿಷ್ಯರಿಗೆ ಕೊಟ್ಟದ್ದು ಎಲ್ಲಿ ಕರೆದರೂ ಹೋಗಿ ಕುಳಿತು, ಮುಂದಿಟ್ಟ ಹಾಳೆಯನ್ನು ತಪ್ಪಿಲ್ಲದೆ ನುಡಿಸಬಲ್ಲ ಶಕ್ತಿಯನ್ನು. ಸಣ್ಣ ಊರಿನ ಆರ್ಕೆಸ್ಟ್ರಾ ಇರಲಿ, ಸೈನ್ಯದ ಬ್ಯಾಂಡಿರಲಿ, ನಾಟಕದ ಥಿಯೇಟರಿರಲಿ, ಆ ಶಕ್ತಿ ಎಲ್ಲೆಡೆಯೂ ಅನ್ನ ಕೊಡುತ್ತದೆ. ಎರಡು ಪೆಟ್ಟಿಗೆ, ಒಂದು ಡಿಗ್ರಿ ಹಿಡಿದು ಗುರುತಿಲ್ಲದ ಊರಿಗೆ ಬಂದಿಳಿದ ನಮ್ಮ ಸದಸ್ಯರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಬ್ಬರು ಶಿಷ್ಯರು, ಎರಡು ಕಾಲ

1944ರ ಸೆಪ್ಟೆಂಬರಿನಲ್ಲಿ ಈಸ್ಟ್ ಸೇಂಟ್ ಲೂಯಿಯಿಂದ 18 ವರ್ಷದ ಕಪ್ಪು ಹುಡುಗನೊಬ್ಬ ಜೂಲಿಯಾರ್ಡ್‌ಗೆ ಬಂದು ವಾಕಿಯಾನೊ ಅವರಲ್ಲಿ ಪಾಠಕ್ಕೆ ಸೇರಿದ. ತಂದೆ ದಂತವೈದ್ಯರು, ಅನುಕೂಲಸ್ಥರು. ಹುಡುಗನ ಹೆಸರು ಮೈಲ್ಸ್ ಡೇವಿಸ್. ಹಗಲು ಪಾಠ, ರಾತ್ರಿ 52ನೆಯ ಬೀದಿಯ ಕ್ಲಬ್ಬುಗಳಲ್ಲಿ ಚಾರ್ಲಿ ಪಾರ್ಕರ್ ಎಲ್ಲಿ ಎಂದು ಹುಡುಕಾಟ. ಒಂದು ವರ್ಷ ಕಳೆದು 1945ರಲ್ಲಿ ಶಾಲೆ ಬಿಟ್ಟುಹೋದ. ಮುಂದೆ ಜಾಝ್ ಸಂಗೀತದ ದಿಕ್ಕನ್ನೇ ಕೆಲವು ಬಾರಿ ಬದಲಿಸಿದವನು ಇವನೇ. 1989ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಜೂಲಿಯಾರ್ಡ್ ಬಿಳಿಯರ ಸಂಗೀತಕ್ಕೇ ಅಂಟಿಕೊಂಡಿತ್ತೆಂದು ದೂರಿದ. ಜೊತೆಗೆ ಅಲ್ಲಿ ಕಲಿತ ಸಂಗೀತ ಶಾಸ್ತ್ರ ತನಗೆ ನೆರವಾಯಿತೆಂದೂ ಒಪ್ಪಿಕೊಂಡ.

ಶಿಸ್ತು ಸಾಲದೆ ಬಿಟ್ಟುಹೋದ ಎಂದು ಹೇಳಿ ಮುಗಿಸಿದರೆ ಚರಿತ್ರೆಗೆ ಅಪಚಾರ. ಗುರುವಿನ ವಿದ್ಯೆಯೆಲ್ಲ ಆರ್ಕೆಸ್ಟ್ರಾದ ಕುರ್ಚಿಗೆ ತಯಾರು ಮಾಡುವ ವಿದ್ಯೆ. ನ್ಯೂಯಾರ್ಕ್ ಫಿಲ್ಹಾರ್ಮಾನಿಕ್ ತನ್ನ ಖಾಯಂ ಸದಸ್ಯನಾಗಿ ಮೊದಲ ಬಾರಿಗೆ ಒಬ್ಬ ಕಪ್ಪು ವಾದಕನನ್ನು, ಪಿಟೀಲಿನ ಸ್ಯಾನ್‌ಫರ್ಡ್ ಆಲೆನ್ ಅವರನ್ನು, ಸೇರಿಸಿಕೊಂಡದ್ದು 1962ರಲ್ಲಿ. 1944ರ ಹುಡುಗ ಎಷ್ಟೇ ಶ್ರುತಿ ಬದಲಿಸಿ ಓದಿದರೂ ಗುರುವಿನ ಪಕ್ಕದ ಕುರ್ಚಿ ಅವನಿಗೆ ಸಿಗುವ ಕಾಲ ಅದಾಗಿರಲಿಲ್ಲ. ಪಾಠದ ಕೋಣೆಯ ಬಾಗಿಲು ತೆರೆದಿತ್ತು. ಅದರಾಚೆಯ ಬಾಗಿಲು ಮುಚ್ಚಿತ್ತು. ಒಳ್ಳೆಯ ಗುರು ಸಿಕ್ಕಿದ ಮಾತ್ರಕ್ಕೆ ಎಲ್ಲವೂ ಸರಿಹೋಗುತ್ತದೆ ಎಂದು ನಂಬುವ ನಮ್ಮಂಥ ಪೋಷಕರು ಇದನ್ನೂ ತಿಳಿದಿರಬೇಕು.

35 ವರ್ಷಗಳ ಅನಂತರ, 1979ರಲ್ಲಿ, ನ್ಯೂ ಆರ್ಲಿಯನ್ಸ್‌ನಿಂದ ಇನ್ನೊಬ್ಬ ಕಪ್ಪು ಹುಡುಗ ಬಂದ, ವಿಂಟನ್ ಮಾರ್ಸಾಲಿಸ್. ಆಗಲೂ ಪಾಠದ ಕೋಣೆಯಲ್ಲಿ ವಾಕಿಯಾನೊ ಇದ್ದರು. ಮಾರ್ಸಾಲಿಸ್ ಕೂಡ ಬೇಗ ಹೊರಟು ಆರ್ಟ್ ಬ್ಲೇಕಿಯ ಜಾಝ್ ತಂಡ ಸೇರಿದರು. ಆದರೆ ಅವರು ಒಂದನ್ನು ಹಿಡಿಯಲು ಇನ್ನೊಂದನ್ನು ಬಿಡಬೇಕಾಗಿ ಬರಲಿಲ್ಲ. 1984ರ ಸಮಾರಂಭದಲ್ಲಿ ಜಾಝ್ ಮತ್ತು ಶಾಸ್ತ್ರೀಯ ಎರಡೂ ವಿಭಾಗಗಳ ಗ್ರಾಮಿ ಪ್ರಶಸ್ತಿಗಳನ್ನು ಒಟ್ಟಿಗೆ ಪಡೆದರು. ಹಾಗೆ ಪಡೆದವರಲ್ಲಿ ಅವರೇ ಮೊದಲಿಗರು. 1997ರಲ್ಲಿ ಅವರ 'ಬ್ಲಡ್ ಆನ್ ದಿ ಫೀಲ್ಡ್ಸ್' ಕೃತಿಗೆ ಪುಲಿಟ್ಜರ್ ಪ್ರಶಸ್ತಿ ಬಂತು. 2014ರಲ್ಲಿ ಜೂಲಿಯಾರ್ಡ್ ಶಾಲೆಯ ಜಾಝ್ ವಿಭಾಗದ ನಿರ್ದೇಶಕರಾಗಿ, ತಾವು ಶಿಷ್ಯರಾಗಿ ಬಂದ ಶಾಲೆಗೇ ಮರಳಿದರು.

ಕುರ್ಚಿ ಮುಂದುವರಿದ ಬಗೆ

ಫಿಲ್ಹಾರ್ಮಾನಿಕ್ 1962ರ ಸೆಪ್ಟೆಂಬರಿನಲ್ಲಿ ಕಾರ್ನೆಗಿ ಹಾಲ್ ಬಿಟ್ಟು ಲಿಂಕನ್ ಸೆಂಟರಿನ ಹೊಸ ಸಭಾಂಗಣಕ್ಕೆ ಬಂತು. ಜೂಲಿಯಾರ್ಡ್ ಕೂಡ 1969ರಲ್ಲಿ ಅದರ ಪಕ್ಕಕ್ಕೇ ಬಂತು. ಹೀಗಾಗಿ ಕೊನೆಯ ನಾಲ್ಕು ವರ್ಷ ವಾಕಿಯಾನೊ ಅವರ ನುಡಿಸುವ ಜಾಗಕ್ಕೂ ಕಲಿಸುವ ಜಾಗಕ್ಕೂ ನಡುವೆ ಇದ್ದದ್ದು ಒಂದು ಬೀದಿ, 65ನೆಯ ಬೀದಿ.

ಅವರು 1973ರಲ್ಲಿ ಎದ್ದ ಕುರ್ಚಿಯ ಚರಿತ್ರೆ ಸ್ವಾರಸ್ಯವಾಗಿದೆ. ಅವರ ಶಿಷ್ಯ ಜೆರಾರ್ಡ್ ಶ್ವಾರ್ಟ್ಸ್ ಇಪ್ಪತ್ತೈದರ ಹರೆಯದಲ್ಲಿ ಆ ಸ್ಥಾನಕ್ಕೆ ಬಂದು 1977ರವರೆಗೆ ನುಡಿಸಿ, ಆಮೇಲೆ ಕಂಡಕ್ಟರ್ ಆದರು. 1985ರಿಂದ 2011ರವರೆಗೆ ಸಿಯಾಟಲ್ ಸಿಂಫನಿಯನ್ನು ನಡೆಸಿದರು. 1978ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ನಮ್ಮ ಜುಬಿನ್ ಮೆಹ್ತಾ ಫಿಲ್ಹಾರ್ಮಾನಿಕ್‌ನ ಸಂಗೀತ ನಿರ್ದೇಶಕರಾದರು. ಅದೇ ವರ್ಷ ಟ್ರಂಪೆಟ್ ವಿಭಾಗಕ್ಕೆ ಬಂದವರು ಫಿಲಿಪ್ ಸ್ಮಿತ್. ಅವರೂ ಜೂಲಿಯಾರ್ಡ್‌ನಲ್ಲಿ ವಾಕಿಯಾನೊ ಅವರ ಪಾಠ ಕೇಳಿದವರು. ಮೂರು ವರ್ಷ ಶಿಕಾಗೊದಲ್ಲಿ ನಾವು ಮೇಲೆ ಹೇಳಿದ ಹರ್ಸೆತ್ ಅವರ ಪಕ್ಕದಲ್ಲಿ ಕುಳಿತು ಪಳಗಿದವರು. ಸ್ಮಿತ್ 36 ವರ್ಷ ನುಡಿಸಿ 2014ರಲ್ಲಿ ನಿವೃತ್ತರಾದರು. ನಿವೃತ್ತರಾಗಿ ಎಲ್ಲಿಗೆ ಹೋದರು? ಜಾರ್ಜಿಯಾ ವಿಶ್ವವಿದ್ಯಾಲಯಕ್ಕೆ, ಪಾಠ ಹೇಳಲು.

ಲಾಟ್ವಿಯಾದ ಶ್ಲಾಸ್‌ಬರ್ಗ್ 1910ರಲ್ಲಿ ಬಂದು ಸೇರಿದಾಗಿನಿಂದ ಲೆಕ್ಕ ಹಾಕಿದರೆ, ಗುರು ಶಿಷ್ಯ, ಶಿಷ್ಯನ ಶಿಷ್ಯ ಎಂದು ನೂರು ವರ್ಷಕ್ಕೂ ಮಿಕ್ಕಿ ಒಂದೇ ಆರ್ಕೆಸ್ಟ್ರಾದ ಒಂದೇ ಸಾಲಿನಲ್ಲಿ ಈ ವಿದ್ಯೆ ಹರಿದು ಬಂದಿದೆ. ತಂದೆಯಿಂದ ಮಗನಿಗೆ ಬಂದ ಆಸ್ತಿಯಲ್ಲ ಇದು. ಲಾಟ್ವಿಯಾದವರಿಂದ ಇಟಲಿಯವರ ಮಗನಿಗೆ, ಅವರಿಂದ ಯಾರು ಯಾರ ಮಕ್ಕಳಿಗೋ. ಅರಮನೆಯ ಆಶ್ರಯದಲ್ಲಿ ಮೈಸೂರಿನಲ್ಲಿ ವೀಣೆ ಉಳಿದ ಬಗೆ ಬೇರೆ, ಇಲ್ಲಿ ಅರಸರಿಲ್ಲ. ಇದ್ದದ್ದು ವಾರಕ್ಕೊಂದು ಗಂಟೆ, ಒಂದು ಕೋಣೆ, ಎರಡು ಕುರ್ಚಿ, ಎರಡು ಟ್ರಂಪೆಟ್.

ತುಟಿಯ ಬಲಕ್ಕೆ ವಯಸ್ಸಿನ ಮಿತಿ ಇದೆ. ಎಂಥ ವಾದಕನೂ ಒಂದು ದಿನ ಆ ಕುರ್ಚಿಯಿಂದ ಏಳಲೇಬೇಕು. ಆದ್ದರಿಂದಲೇ ಈ ಕಸುಬಿನಲ್ಲಿ ಪಾಠ ಹೇಳುವುದು ನುಡಿಸಲಾಗದವರ ಪಾಡಲ್ಲ. ಸಂಜೆ ನುಡಿಸಿದ್ದನ್ನು ಬೆಳಿಗ್ಗೆ ಕಲಿಸುವುದು, ಬೆಳಿಗ್ಗೆ ಕಲಿಸಿದ್ದನ್ನು ಸಂಜೆ ತಾನೇ ತಪ್ಪಿಲ್ಲದೆ ನುಡಿಸಬೇಕಾಗುವುದು, ಇವೆರಡೂ ಒಂದೇ ಕೆಲಸದ ಎರಡು ಭಾಗ. ನಮ್ಮ ಮಕ್ಕಳಿಗೆ ಮೇಷ್ಟರನ್ನು ಹುಡುಕುವಾಗ, ಅವರ ಶುಲ್ಕ ಎಷ್ಟು, ಮನೆಯಿಂದ ಎಷ್ಟು ಮೈಲಿ ಎಂದು ಕೇಳುವುದರ ಜೊತೆಗೆ, ಅವರು ಯಾರಲ್ಲಿ ಕಲಿತರು, ಈಗಲೂ ಎಲ್ಲಾದರೂ ನುಡಿಸುತ್ತಾರೆಯೆ ಎಂದು ಕೇಳುವುದು ಒಳ್ಳೆಯದು.

ವಿಲಿಯಂ ವಾಕಿಯಾನೊ 2005ರ ಸೆಪ್ಟೆಂಬರ್ 19ರಂದು, ತಮ್ಮ 93ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ನಾದ ಕೇಳಬೇಕೆನ್ನುವವರಿಗೆ ಒಂದು ಸಲಹೆ. 1962ರಲ್ಲಿ ಬರ್ನ್‌ಸ್ಟೈನ್ ನಿರ್ದೇಶನದಲ್ಲಿ ಶೊಸ್ತಕೋವಿಚ್ ಅವರ ಮೊದಲನೆಯ ಪಿಯಾನೋ ಕಂಚರ್ಟೋ ಧ್ವನಿಮುದ್ರಣವಾಯಿತು. ಪಿಯಾನೋ ಆಂದ್ರೆ ಪ್ರೆವಿನ್, ಟ್ರಂಪೆಟ್ ವಾಕಿಯಾನೊ. ಉಳಿದಂತೆ ತಂತಿವಾದ್ಯಗಳು ಮಾತ್ರ. ಹಿಂದಿನ ಸಾಲಿನ ಮನುಷ್ಯನ ಹೆಸರು ಮುಂದಿನವರ ಹೆಸರಿನ ಜೊತೆ ಬಂದ ಅಪರೂಪದ ರೆಕಾರ್ಡು ಅದು. ಊರಿನ ಲೈಬ್ರರಿಯಲ್ಲಿ ಕೇಳಿ ನೋಡಿ. ಮೊದಲು ಎರಡನೆಯ ಭಾಗ ಹಾಕಿ; ಬಾಯಿಗೆ ಮುಚ್ಚಳ ಸಿಕ್ಕಿಸಿದ ಟ್ರಂಪೆಟ್ ದೂರದಿಂದ ಎಂಬಂತೆ ಮೆಲ್ಲಗೆ ಹಾಡುತ್ತದೆ. ಟ್ರಂಪೆಟ್ ಎಂದರೆ ಗದ್ದಲ ಎಂದು ನಾವು ತಿಳಿದುಕೊಂಡದ್ದು ಎಷ್ಟು ಸರಿ ಎಂದು ಅದನ್ನು ಕೇಳಿ ತೀರ್ಮಾನಿಸಬಹುದು.